ನೂರಕ್ಕೆ ನೂರಾ ಎಂಟು

ನಾನು ಎಂ.ಎಸ್ಸಿ. ಓದಿದ್ದು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ತಿಂಗಳಿಗೆ ಮೂರು ದಿನದಂತೆ. ನಮ್ಮ ದೊಡ್ಡಬೆಳವಂಗಲದ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ತಿಳಿದುಬಿಡುತ್ತದೆ. ಬೇರೆಯವರಿಗಾಗಿ ಬಿಡಿಸಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಹೆಂಗಸರು ಮುಟ್ಟಾದರೆ ಮೂರು ದಿನ ಅಡುಗೆಮನೆಗೂ ದೇವರಮನೆಗೂ ಹೋಗುವಂತಿರಲಿಲ್ಲ. ಹಿತ್ತಲ ಬಾಗಿಲಿನಾಚೆ ಒಂದು ಕೋಣೆ. ಒಂದು ಮಂಚ, ಸರಳು ಹಾಕಿದ ಒಂದು ಕಿಟಕಿ, ಗೋಡೆಯಲ್ಲೊಂದು ಪ್ಲಗ್ಗು. ಊಟದ ತಟ್ಟೆ ಹೊಸ್ತಿಲ ಹತ್ತಿರಕ್ಕೆ ಬರುತ್ತಿತ್ತು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಸುತ್ತಲಿನ ಎಷ್ಟೋ ಮನೆಗಳಲ್ಲಿ ಇದು ತಾನಾಗಿಯೇ ಬಿಟ್ಟುಹೋಗಿತ್ತು. ನಮ್ಮತ್ತೆ ಬಿಟ್ಟಿರಲಿಲ್ಲ. ನಾನೂ ಬಿಡಿ ಎಂದು ಕೇಳಿರಲಿಲ್ಲ. ಯಾಕೆಂದರೆ ವರ್ಷದಲ್ಲಿ ಯಾರೂ ನನ್ನನ್ನು ಕರೆಯದ ದಿನಗಳೆಂದರೆ ಅವಷ್ಟೇ. ದೇವರು ಕೊಟ್ಟ ಬಿಡುವು ಎಂದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದೆ.

ಸ್ಟ್ಯಾಟಿಸ್ಟಿಕ್ಸ್ ಇಟ್ಟುಕೊಂಡು ಬಿ.ಎಸ್ಸಿ. ಮಾಡಿದವಳು ನಾನು. ಕೊನೆಯ ಪರೀಕ್ಷೆ ಬರೆದ ವಾರವೇ ಮದುವೆ. ಆಮೇಲೆ ಹೊಲ, ಹಸು, ಕಾರ್ಖಾನೆಗೆ ಹೋಗುವ ಗಂಡನ ಊಟದ ಡಬ್ಬಿ, ಮಗಳ ಸ್ಕೂಲು. ಮಗಳು ಹಾಸ್ಟೆಲ್ಲಿಗೆ ಸೇರಿ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡಾಗ ಹಳೆಯದನ್ನು ನನಗೆ ಬಿಟ್ಟುಹೋದಳು. ಅದರಲ್ಲಿ ಅಡುಗೆ ವಿಡಿಯೋ ನೋಡಲಿ ಎಂದು ಬಿಟ್ಟಿದ್ದಳು. ನಾನು ದೂರಶಿಕ್ಷಣಕ್ಕೆ ಹೆಸರು ನೋಂದಾಯಿಸಿದೆ. ಇಪ್ಪತ್ತು ವರ್ಷದ ಹಿಂದೆ ಅರ್ಧಕ್ಕೆ ಎದ್ದು ಬಂದ ಎಲೆ ಅದು, ಉಂಡು ಮುಗಿಸಬೇಕು ಎನ್ನಿಸಿತ್ತು. ಓದಿ ಏನು ಮಾಡುತ್ತೀ ಎಂದು ಕೇಳಿದವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ.

ಪರೀಕ್ಷೆಗಳೆಲ್ಲ ಹೇಗೋ ಮುಗಿದವು. ಉಳಿದದ್ದು ಪ್ರಾಜೆಕ್ಟು. ಎರಡು ಸಲ ಗಡುವು ಮುಂದಕ್ಕೆ ಹಾಕಿಸಿಕೊಂಡಿದ್ದೆ. ನನಗೆ ಗೈಡ್ ಆಗಿದ್ದ ಮೇಡಂ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು: "ನೋಡಿ, ಶ್ರಾವಣದಲ್ಲಿ ಗಡುವಿನ ಶನಿವಾರ ಮಧ್ಯಾಹ್ನಕ್ಕೆ ಪೋರ್ಟಲ್ ಮುಚ್ಚತ್ತೆ. ಅದಾದ್ಮೇಲೆ ನಿಮ್ಮ ರಿಜಿಸ್ಟ್ರೇಷನ್ನೇ ಇರಲ್ಲ. ಬರೆದಿರೋ ಪೇಪರ್‌ಗಳೂ ಲೆಕ್ಕಕ್ಕೆ ಬರಲ್ಲ. ನನ್ನ ಕೈಲಿ ಏನೂ ಮಾಡಕ್ಕಾಗಲ್ಲಮ್ಮ."

ನಾನು ಆರಿಸಿಕೊಂಡ ವಿಷಯ ನಮ್ಮೂರಿನ ಹಸುಗಳು. ಬೆದೆಗೆ ಬಂದ ಹಸುವಿಗೆ ಡಾಕ್ಟರು ಬಂದು ಸೂಜಿ ಹಾಕುತ್ತಾರಲ್ಲ, ಮೊದಲ ಸಲಕ್ಕೇ ಯಾವುದು ಗಬ್ಬ ಕಟ್ಟುತ್ತದೆ, ಯಾವುದು ಕಟ್ಟುವುದಿಲ್ಲ ಎಂದು ಮುಂಚೆಯೇ ಅಂದಾಜು ಮಾಡಲು ಸಾಧ್ಯವೇ ಎನ್ನುವುದು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಸಾಲಿನಲ್ಲಿ ನಿಂತ ಹೆಂಗಸರನ್ನೇ ಕೇಳಿ ಬರೆದುಕೊಂಡೆ. ಹಸುವಿನ ವಯಸ್ಸು, ಎಷ್ಟನೆಯ ಸೂಲು, ಕರು ಹಾಕಿ ಎಷ್ಟು ತಿಂಗಳಾಗಿತ್ತು, ಹಸಿಮೇವು ಇತ್ತೋ ಇಲ್ಲವೋ. ಕಟ್ಟಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ನಗುತ್ತಿದ್ದರು. "ನಮ್ಮ ಸೊಸೆದೂ ಬರ್ಕೊಳಮ್ಮ, ಮೂರು ವರ್ಷ ಆಯ್ತು" ಎಂದು ಒಬ್ಬಾಕೆ ಅಂದಾಗ ಇಡೀ ಸಾಲು ನಕ್ಕಿತ್ತು. ಆ ಸೊಸೆ ಕ್ಯಾನು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನಾನು ನಗಲಿಲ್ಲ, ಆದರೆ ಏನೂ ಅನ್ನಲೂ ಇಲ್ಲ. ಅದು ಈಗಲೂ ಚುಚ್ಚುತ್ತದೆ.

ಹೀಗೆ ಕೂಡಿಸಿದ್ದನ್ನು ಲ್ಯಾಪ್‌ಟಾಪಿಗೆ ಹಾಕಿ, ಆರ್ ಎನ್ನುವ ಪ್ರೋಗ್ರಾಮಿನಲ್ಲಿ ರಿಗ್ರೆಷನ್ ಮಾಡೆಲ್ ಕೂರಿಸಿದೆ. ಎಷ್ಟು ಲೀಟರ್ ಹಾಲು, ಎಷ್ಟು ಕೆ.ಜಿ. ತೂಕ ಎಂದು ಅಂದಾಜು ಮಾಡುವುದಕ್ಕೆ ಸಾಮಾನ್ಯ ಗೆರೆಯ ಮಾಡೆಲ್ ಸಾಕು. ಅದಕ್ಕೆ ಎಲ್‌ಎಂ ಎನ್ನುತ್ತಾರೆ. ಹೌದೋ ಅಲ್ಲವೋ ಎನ್ನುವ ಉತ್ತರಕ್ಕೆ ಅದು ಒಗ್ಗುವುದಿಲ್ಲ. ಅದಕ್ಕೆ ಜಿಎಲ್‌ಎಂ ಎನ್ನುವ ಇನ್ನೊಂದು ಬೇಕು. ಮೇಡಂ ಹೇಳಿಕೊಟ್ಟಿದ್ದರು: ಮಾಡೆಲ್ ಕೂರಿಸಿದ ಮೇಲೆ ಅದು ಯಾವ ಬಗೆಯದು ಎಂದು ಅದನ್ನೇ ಕೇಳಿ ನೋಡಿ ಮುಂದಕ್ಕೆ ಹೋಗಿ. ನಾನು ಹಾಗೆಯೇ ಕ್ಲಾಸ್ ಎಂದು ಟೈಪು ಮಾಡಿ ಕೇಳಿದ್ದೆ. ಜಿಎಲ್‌ಎಂ ಎಂದು ಬಂದಿತ್ತು. ಅದರ ಮಗ್ಗುಲಲ್ಲೇ ಎಲ್‌ಎಂ ಎಂದೂ ಇತ್ತು. ಇದು ಅದರ ವಂಶದಿಂದಲೇ ಬಂದದ್ದು, ಎರಡೂ ತೋರಿಸುತ್ತದೆ ಎಂದು ಪಾಠದಲ್ಲಿ ಓದಿದ್ದೆ. ಸರಿ, ಬಗೆ ಸರಿಯಾಗಿದೆ ಎಂದು ಕೈಮುಗಿದು, ನಾಲ್ಕು ಸಲ ಸಿಕ್ಕ ನನ್ನ ಹನ್ನೆರಡು ದಿನಗಳಲ್ಲಿ ಎರಡು ಅಧ್ಯಾಯ, ಕೋಷ್ಟಕ, ಚಿತ್ರ ಎಲ್ಲ ಬರೆದು ಮುಗಿಸಿದ್ದೆ.

ನಮ್ಮ ಕೆಂದ ಹಸುವಿಗೆ ಇನ್ನೂ ಸೂಜಿ ಹಾಕಿಸಬೇಕಿತ್ತು, ಅದರ ವಿವರವನ್ನೂ ಕೊಟ್ಟು ನೋಡಿದ್ದೆ. ಅದು ಕಟ್ಟುವ ಸಂಭವ ಎಷ್ಟು ಎಂದು ಕೇಳಿದ್ದಕ್ಕೆ ಒಂದು ಚುಕ್ಕೆ ಸೊನ್ನೆ ಎಂಟು ಎಂದು ಬಂದಿತ್ತು. ನೂರರ ಲೆಕ್ಕದಲ್ಲಿ ನೂರಾ ಎಂಟು. ನೋಡಿದ ಕೂಡಲೇ ಮೈ ಜುಮ್ಮೆಂದಿತು. ದಿನಾ ಸಂಜೆ ಅಷ್ಟೋತ್ತರ ಹೇಳುವವಳು ನಾನು. ನೂರಾ ಎಂಟು ಹೂವು, ನೂರಾ ಎಂಟು ಹೆಸರು. ನಮ್ಮ ಹಸುವಿಗೇ ಆ ಸಂಖ್ಯೆ ಬಂದಿದೆಯಲ್ಲ, ತಾಯಿ ನನ್ನ ಕೆಲಸ ಮೆಚ್ಚಿದ್ದಾಳೆ ಎಂದುಕೊಂಡೆ. ಆ ಸಾಲಿಗೆ ಮನಸ್ಸಿನಲ್ಲೇ ಒಂದು ಹೂವಿಟ್ಟು ಮುಂದಕ್ಕೆ ಹೋದೆ. ಸ್ಟ್ಯಾಟಿಸ್ಟಿಕ್ಸ್ ಓದಿದವಳು ಮಾಡುವ ತಪ್ಪಲ್ಲ ಅದು. ಭಕ್ತಿಯಿರುವವಳು ಮಾಡುವ ತಪ್ಪೂ ಅಲ್ಲ. ಎರಡೂ ಒಂದೇ ತಲೆಯಲ್ಲಿದ್ದುದರಿಂದ ಆದದ್ದು.

ಗಡುವಿನ ವಾರದ ಮಂಗಳವಾರ ಮಧ್ಯಾಹ್ನ, ಊಟಕ್ಕೆ ಕೂತಾಗ ಅತ್ತೆ ಕೇಳಿದರು. ಗಂಡನಿಗೆ ಅವತ್ತು ಎರಡನೇ ಪಾಳಿ, ಮನೆಯಲ್ಲೇ ಇದ್ದರು.

"ಊರಿನ ಹಸಾ ಎಲ್ಲಾ ಬರ್ಕೊಂಡ್ಯಲ್ಲ, ನಮ್ದು ಏನಾಗ್ತದೆ ಅಂತೆ?"

"ನಮ್ದು ಕಟ್ಟೇ ಕಟ್ತದೆ ಅತ್ತೆ. ನೂರಕ್ಕೆ ನೂರಾ ಎಂಟು ಬಂದಿದೆ."

ಅತ್ತೆ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ನೂರಕ್ಕೆ ನೂರಾ ಎಂಟಾ? ನೂರಕ್ಕೆ ನೂರು ಆದ್ಮೇಲೆ ಮಿಕ್ಕಿದ್ದು ಎಂಟು ಎಲ್ಲಿಗೆ ಹೋಯ್ತೇ? ಅವಳಿ ಹಾಕ್ತದಾ?"

ಗಂಡ ನಕ್ಕು ಸಾರು ನೆತ್ತಿಗೇರಿಸಿಕೊಂಡರು. "ಅಮ್ಮ, ಅದು ಡಿಸ್ಕೌಂಟು ಕಣಮ್ಮ. ನೂರು ತಗೊಂಡ್ರೆ ಎಂಟು ಫ್ರೀ."

"ನಗ್ಬೇಡ ಕಣೋ. ಮೂರು ವರ್ಷದಿಂದ ಓದ್ತಾವ್ಳೆ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟೆ. ಸಂಭವ ಎನ್ನುವುದು ಒಂದನ್ನು ದಾಟುವುದಿಲ್ಲ. ಮೊದಲ ವರ್ಷದ ಮೊದಲ ಪಾಠ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅತ್ತೆಗೆ ಕಂಡದ್ದು ನನಗೆ ಕಂಡಿರಲಿಲ್ಲ.

ಪಾತ್ರೆ ಹಾಗೆಯೇ ಬಿಟ್ಟು ಲ್ಯಾಪ್‌ಟಾಪ್ ತೆಗೆದೆ. ಮೊದಲು ಮತ್ತೆ ಕ್ಲಾಸ್ ಕೇಳಿದೆ. ಜಿಎಲ್‌ಎಂ ಎಂದೇ ಹೇಳಿತು. ಮೇಡಂಗೆ ಫೋನ್ ಮಾಡಿದೆ.

"ಜಿಎಲ್‌ಎಂ ಅಂತ ಬಂದ್ರೆ ಸಾಲದಮ್ಮ. ಅದು ಮೇಲಿನ ಹೆಸರು ಅಷ್ಟೆ. ಒಳಗೆ ಯಾವ ಹಂಚಿಕೆ ಇಟ್ಕೊಂಡಿದೆ ಅಂತ ಕೇಳಿದ್ರಾ?"

ಕೇಳಿದೆ. ಗಾಸಿಯನ್ ಎಂದು ಬಂತು. ಅಂದರೆ ಅದೇ ಸಾಮಾನ್ಯ ಗೆರೆ.

"ಹೌದು ಅಲ್ಲ ಅನ್ನೋ ಉತ್ತರಕ್ಕೆ ಬೈನಾಮಿಯಲ್ ಅಂತ ನೀವು ಹೇಳ್ಲೇ ಇಲ್ವಲ್ಲ" ಎಂದರು ಮೇಡಂ. "ನೀವು ಏನೂ ಹೇಳ್ದಿದ್ರೆ ಅದು ತಾನೇ ಗಾಸಿಯನ್ ಅಂತ ಇಟ್ಕೊಂಡ್ಬಿಡತ್ತೆ. ತಪ್ಪು ಅಂತ ಎಲ್ಲೂ ತೋರ್ಸಲ್ಲ. ಅಯ್ಯೋ, ನಾನೂ ನೋಡ್ಬೇಕಿತ್ತು."

ಸುಮ್ಮನಿದ್ದರೆ ಒಪ್ಪಿದೆ ಎಂದು ಇಟ್ಟುಕೊಳ್ಳುವುದನ್ನು ಯಂತ್ರವೂ ಮಾಡುತ್ತದೆ ಎಂದು ಅವತ್ತು ತಿಳಿಯಿತು. ಆ ಒಂದು ಪದ ಸೇರಿಸುವುದು ನಿಮಿಷದ ಕೆಲಸ. ಆದರೆ ಪದ ಸೇರಿಸಿದ ಮೇಲೆ ಪ್ರತಿ ಅಂಕಿಯೂ ಬದಲಾಗುತ್ತದೆ. ಪ್ರತಿ ಕೋಷ್ಟಕ, ಪ್ರತಿ ಚಿತ್ರ, ಅದರ ಕೆಳಗಿನ ವಿವರಣೆ, ಕೊನೆಯ ತೀರ್ಮಾನ, ಎಲ್ಲ ಹೊಸದಾಗಿ. ಎರಡೂವರೆ ದಿನ ಒಂದೇ ಸಮ ಕೂತರೆ ಆದೀತು. ಶನಿವಾರ ಮಧ್ಯಾಹ್ನ ಗಡುವು. ಅದರ ಹಿಂದಿನ ಶುಕ್ರವಾರ ವರಮಹಾಲಕ್ಷ್ಮಿ.

ನಮ್ಮ ಮನೆಯ ವರಮಹಾಲಕ್ಷ್ಮಿ ಎಂದರೆ ಬುಧವಾರದಿಂದಲೇ ಕೆಲಸ. ಮನೆ ತೊಳೆಯಬೇಕು, ಹಿತ್ತಾಳೆ ಬೆಳಗಬೇಕು, ಬೇಳೆ ಬೇಯಿಸಿ ಹೂರಣ ರುಬ್ಬಬೇಕು, ಊರಿನ ಮುತ್ತೈದೆಯರಿಗೆಲ್ಲ ತಾಂಬೂಲ ಜೋಡಿಸಬೇಕು. ಕಲಶಕ್ಕೆ ಸೀರೆ ಉಡಿಸುವವಳು ನಾನೇ. ಹದಿನೆಂಟು ವರ್ಷದಿಂದ ಒಂದು ಸಲವೂ ತಪ್ಪಿಸಿರಲಿಲ್ಲ. ಇದರ ನಡುವೆ ಎರಡೂವರೆ ದಿನ ಯಾರು ಕೊಡುತ್ತಾರೆ? ಗಂಡನನ್ನು ಕೇಳಿದೆ. ಕೆಟ್ಟವರಲ್ಲ ಅವರು. ಅಂಗಿ ಹಾಕಿಕೊಳ್ಳುತ್ತಾ, "ಅಮ್ಮನ ಮಂಡಿ ನೋವು ಗೊತ್ತಲ್ಲ. ಒಬ್ರೇ ಹೆಂಗೆ ಮಾಡ್ತಾರೆ? ಹಬ್ಬ ಆದ್ಮೇಲೆ ಕೂತ್ಕೋ" ಎಂದರು. ಹಬ್ಬ ಆದ ಮೇಲೆ ಪೋರ್ಟಲ್ ಇರುವುದಿಲ್ಲ ಎಂದೆ. "ಏನಾದ್ರೂ ಮಾಡ್ಕೋ ಮಾರಾಯ್ತಿ" ಎಂದು ಬೈಕು ಹತ್ತಿದರು.

ನನ್ನ ದಿನ ಬರಬೇಕಿತ್ತು. ಲೆಕ್ಕದ ಪ್ರಕಾರ ಹಿಂದಿನ ಭಾನುವಾರವೇ. ಆದರೆ ವಯಸ್ಸು ನಲವತ್ತನಾಲ್ಕು, ಆ ವರ್ಷದಿಂದ ಲೆಕ್ಕ ತಪ್ಪಲು ಶುರುವಾಗಿತ್ತು. ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ಊರಿನ ಹೆಂಗಸರೆಲ್ಲ ವರಮಹಾಲಕ್ಷ್ಮಿಗೆ ಆಗದಿರಲಿ ತಾಯಿ ಎಂದು ಬೇಡಿಕೊಳ್ಳುತ್ತಾರೆ, ಮಾತ್ರೆ ನುಂಗಿ ಮುಂದಕ್ಕೆ ಹಾಕುತ್ತಾರೆ. ನಾನು ಮಂಗಳವಾರ ಸಂಜೆ ದೀಪ ಹಚ್ಚಿ, ಇವತ್ತೇ ಆಗಲಿ ತಾಯಿ ಎಂದು ಬೇಡಿಕೊಂಡೆ. ಬೇಡಿಕೊಂಡ ಮೇಲೆ ಭಯವಾಗಿ ಕೆನ್ನೆಗೆ ಹೊಡೆದುಕೊಂಡೆ.

ಆಗಲಿಲ್ಲ.

ಬುಧವಾರ ಬೆಳಿಗ್ಗೆ ಅತ್ತೆ ಹುಣಸೆಹಣ್ಣು ನೆನೆಸಿ ದೇವರ ಪಾತ್ರೆಗಳನ್ನು ಬಚ್ಚಲಿನ ಹತ್ತಿರ ಹರಡಿಕೊಂಡಿದ್ದರು. ನಾನು ಮನಸ್ಸಿನಲ್ಲೇ ತಾಯಿಗೆ ನಿಜ ಹೇಳಿಕೊಂಡು, ಹಿತ್ತಲ ಬಾಗಿಲಲ್ಲಿ ನಿಂತು, "ಅತ್ತೆ, ನಾನು ಹೊರಗಾದೆ" ಎಂದೆ.

ಅವರು ತಲೆಯೆತ್ತಿ ನೋಡಿದರು. ಅಷ್ಟು ಹೊತ್ತು ಯಾಕೆ ನೋಡಿದರೋ. ಆಮೇಲೆ ಎದುರಿಗಿದ್ದ ಹಿತ್ತಾಳೆ ರಾಶಿ ನೋಡಿದರು. "ಇವತ್ತೇನಾ?" ಎಂದರು. "ಆಯ್ತು, ಹೋಗು. ಅದೇನು ನಮ್ಮ ಕೈಲಿದೆಯಾ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಎಷ್ಟೋ ಸಲ ನೆಮ್ಮದಿಯಿಂದ ಕಾಲು ಚಾಚಿದ ಮಂಚ ಅದು. ಅವತ್ತು ಕೂತರೆ ಚುಚ್ಚಿತು. ಕೆಲಸ ಶುರು ಮಾಡಿದೆ. ಬೈನಾಮಿಯಲ್ ಎಂದು ಬರೆದು ಮಾಡೆಲನ್ನು ಮತ್ತೆ ಕೂರಿಸಿದೆ. ಕ್ಲಾಸ್ ಕೇಳಿದೆ, ಹಂಚಿಕೆ ಕೇಳಿದೆ, ಎಲ್ಲ ಹಸುಗಳ ಅಂದಾಜಿನಲ್ಲಿ ದೊಡ್ಡದು ಎಷ್ಟು ಚಿಕ್ಕದು ಎಷ್ಟು ಎಂದು ಕೇಳಿದೆ. ಸೊನ್ನೆಗೂ ಒಂದಕ್ಕೂ ನಡುವೆ ಎಲ್ಲವೂ ಅಡಗಿ ಕೂತಿದ್ದವು. ಹತ್ತು ನಿಮಿಷಕ್ಕೊಮ್ಮೆ ಮತ್ತೆ ಕೇಳುತ್ತಿದ್ದೆ. ಒಂದು ಸಲ ಮೋಸ ಹೋದವಳಿಗೆ ನಂಬಿಕೆ ಬರುವುದಿಲ್ಲ. ಮೋಸ ಮಾಡಿದವಳಿಗೂ ಬರುವುದಿಲ್ಲವೇನೋ.

ಗೋಡೆಯಾಚೆಯ ಸದ್ದೆಲ್ಲ ಕೇಳುತ್ತಿತ್ತು. ಅತ್ತೆ ಕೊಡ ಎತ್ತುವಾಗ "ಅಮ್ಮಾ" ಎನ್ನುವುದು. ಮಂಡಿ ಹಿಡಿದುಕೊಂಡು ಏಳುವುದು. ಗುರುವಾರ ಮಧ್ಯಾಹ್ನ ಒಳಗಿಂದಲೇ ಕೂಗಿದರು.

"ಲೇ, ಹೂರಣಕ್ಕೆ ಬೆಲ್ಲ ಎಷ್ಟು ಹಾಕ್ತಿದ್ದೆ ನೀನು?"

"ಬೇಳೆಯಷ್ಟೇ ಅತ್ತೆ. ಒಂದು ಹಿಡಿ ಕಮ್ಮಿ."

"ನೀರಾಗೋಯ್ತಲ್ಲೇ!"

"ಸಣ್ಣ ಉರೀಲಿ ಬಾಡಿಸಿ. ಕೈ ಬಿಡ್ಬೇಡಿ, ತಳ ಹಿಡೀತದೆ."

"ಕೈ ಬಿಡ್ದಂಗೆ ತಿರ್ಗಿಸಕ್ಕೆ ನಂಗೇನು ನಾಲ್ಕು ಕೈಯಾ?"

ಎದ್ದು ಬಾಗಿಲವರೆಗೆ ಹೋದೆ. ನಾಲ್ಕು ಹೆಜ್ಜೆ ಹಾಕಿದರೆ ಒಲೆ. ಮೈ ಶುದ್ಧವಾಗಿಯೇ ಇತ್ತು, ಹೋಗಿ ಸೌಟು ಹಿಡಿಯಬಹುದಿತ್ತು. ಹೋದರೆ ಹೇಳಿದ್ದು ಸುಳ್ಳಾಗುತ್ತದೆ. ಹೋಗದಿದ್ದರೆ ಅತ್ತೆಯ ಮಂಡಿ. ಚಿಲಕ ಒಳಗಡೆಯೇ ಇತ್ತು, ನಾನೇ ಹಾಕಿಕೊಂಡದ್ದು. ಅದರ ಮೇಲೆ ಕೈಯಿಟ್ಟುಕೊಂಡು ತಳ ಹಿಡಿದ ಬೆಲ್ಲದ ವಾಸನೆ ಬರುವವರೆಗೂ ನಿಂತಿದ್ದೆ. ಆಮೇಲೆ ಬಂದು ಏಳನೆಯ ಕೋಷ್ಟಕ ತಿದ್ದಿದೆ.

ಶುಕ್ರವಾರ ಸಂಜೆ ಊರಿನ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದರು. ಎದುರು ಮನೆ ಅಕ್ಕ ಹಿತ್ತಲಿಗೆ ಬಂದು ಕಿಟಕಿಯಲ್ಲಿ ಇಣುಕಿದರು. "ಅಯ್ಯೋ, ಇವತ್ತೇ ಆಗ್ಬೇಕಿತ್ತಾ ನಿಂಗೆ? ಒಂದು ಮಾತ್ರೆ ನುಂಗೋದಲ್ವಾ? ಎಂ.ಎಸ್ಸಿ. ಓದ್ತಾಳಂತೆ, ಅಷ್ಟು ತಿಳಿಯಲ್ವಾ?" ಎಂದು ನಕ್ಕು, "ನಿಮ್ಮತ್ತೆ ಉಡ್ಸಿರೋ ಸೀರೆ ನೋಡ್ಬೇಕು, ಲಕ್ಷ್ಮಿ ಕಬ್ಬಡ್ಡಿ ಆಡಕ್ಕೆ ಹೊರಟಂಗವ್ಳೆ" ಎಂದರು. ನಾನೂ ನಕ್ಕೆ. ಒಳಗೆ ಆರತಿಯ ಹಾಡು ಶುರುವಾದಾಗ ಪ್ರಾಜೆಕ್ಟ್ ಪೋರ್ಟಲ್ಲಿಗೆ ಏರುತ್ತಿತ್ತು. ನೆಟ್‌ವರ್ಕ್ ನಿಧಾನ. ಹಾಡು ಮುಗಿಯಿತು, ಗಂಟೆ ನಿಂತಿತು, ಆಮೇಲೆ ಸ್ವೀಕರಿಸಲಾಗಿದೆ ಎಂದು ಬಂತು. ಕುಣಿಯಬೇಕಿತ್ತು. ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದೆ.

ಶನಿವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ. ಅತ್ತೆ ಕಲಶವನ್ನು ಇನ್ನೂ ಕದಲಿಸಿರಲಿಲ್ಲ. ಸೀರೆ ನಿಜವಾಗಿಯೂ ಸೊಟ್ಟಗಿತ್ತು. ಕಲಶದ ಬುಡದಲ್ಲಿ ಒಂಬತ್ತು ಗಂಟಿನ ಅರಿಶಿನದ ದಾರ ಒಂದಿತ್ತು.

"ನಿಂದು ಎತ್ತಿಟ್ಟಿದ್ದೆ" ಎಂದರು. "ಇಷ್ಟು ವರ್ಷ ತಪ್ಸಿಲ್ಲ, ಕೈ ಬರೀದಾಗ್ಬಾರ್ದು. ಹಿಡಿ ಕೈನ."

ಕೈ ಚಾಚಲು ಆಗಲಿಲ್ಲ. ನಿಂತಲ್ಲಿಯೇ ಹೇಳಿಬಿಟ್ಟೆ. ಆಗಿರಲಿಲ್ಲ ಅತ್ತೆ, ಪ್ರಾಜೆಕ್ಟಿಗೋಸ್ಕರ ಸುಳ್ಳು ಹೇಳಿದೆ ಎಂದು.

ಅತ್ತೆ ದಾರ ಹಿಡಿದುಕೊಂಡೇ ಕೂತಿದ್ದರು. ಬೈಯಲಿಲ್ಲ.

"ಯಾರಿಗೆ ಹೇಳ್ದೆ ಸುಳ್ಳ? ನಂಗಾ, ಅವಳಿಗಾ?" ಎಂದು ಕಲಶ ತೋರಿಸಿದರು.

"ನಿಮಗೆ. ಅವಳಿಗೆ ಮೊದ್ಲೇ ನಿಜ ಹೇಳ್ಕೊಂಡಿದ್ದೆ."

"ಏನಂದ್ಲು?"

"ಏನೂ ಅನ್ಲಿಲ್ಲ."

"ಅನ್ಲಿಲ್ಲ ಅಂದ್ರೆ ಒಪ್ಕೊಂಡ್ಲು ಅಂತ ನೀನೇ ಇಟ್ಕೊಂಡ್ಯಾ?"

ಅತ್ತೆ ದಾರವನ್ನು ತುಳಸಿ ಗಿಡಕ್ಕೆ ಕಟ್ಟಿ ಬಂದರು. ಬಂದು, "ಶ್ರಾವಣ ಇನ್ನೂ ಮುಗ್ದಿಲ್ಲ, ಮುಂದಿನ ಶುಕ್ರವಾರ ಐತೆ. ಅವತ್ತು ಉಪವಾಸ ಇದ್ದು ನೀನೇ ಕಲಶ ಕೂರ್ಸು" ಎಂದರು. ಆಮೇಲೆ, "ಬರೆದಿದ್ದು ಸರಿಯಾಯ್ತಾ?" ಎಂದು ಕೇಳಿದರು. ಸರಿಯಾಯಿತು ಎಂದೆ. "ಹಸಾ ಎಷ್ಟಕ್ಕೆ ಬಂತು?" ಎಂಬತ್ತೊಂದು ಎಂದೆ. "ಅದು ಮಾತು" ಎಂದು ಮಂಡಿ ಹಿಡಿದುಕೊಂಡು ಎದ್ದರು.

ಆ ಶುಕ್ರವಾರ ಕಲಶ ಕೂರಿಸಿದೆ. ಅದೊಂದು ತಾಯಿಯ ದಯೆ, ಎಣಿಸಿ ಇಟ್ಟುಕೊಂಡಿದ್ದೇನೆ. ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ.

ಮೌಖಿಕ ಪರೀಕ್ಷೆಗೆ ಇನ್ನು ಐದು ದಿನವಿದೆ ಎನ್ನುವಾಗ ನಿಜವಾಗಿಯೂ ಆಯಿತು. ನನಗೆ ಜೀವ ಬಂದಂತಾಯಿತು. ಮೂರು ದಿನ ಸಿಕ್ಕಿದರೆ ಓದಿ ಮುಗಿಸಬಹುದು. ಲ್ಯಾಪ್‌ಟಾಪ್, ಚಾಪೆ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದು ಹೇಳಿದೆ.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತಲಿಲ್ಲ.

"ಎಲ್ಲಿಗೆ ಹೊರಟೆ?"

"ಕೋಣೆಗೆ ಅತ್ತೆ. ಈ ಸಲ ನಿಜ. ದೇವರಾಣೆ."

"ಆಣೆ ಇಡ್ಬೇಡ. ನಿಜವಾ ಸುಳ್ಳಾ ಅಂತ ತಿಂಗ್ಳು ತಿಂಗ್ಳು ನಾನು ನೋಡ್ತಾ ಕೂರಕ್ಕಾಗ್ತದಾ? ಈ ಮನೇಲಿ ಇನ್ಮೇಲೆ ಅದಿಲ್ಲ. ದೇವರ ಕೋಣೆಗೆ ಬರ್ಬೇಡ, ಅಷ್ಟು ಸಾಕು. ಕಾಳು ಸುಲ್ದಿಟ್ಟಿದ್ದೀನಿ, ಸಾರು ಮಾಡು."

ಗೆದ್ದವರ ದನಿಯೂ ಅಲ್ಲ, ಸಿಟ್ಟೂ ಅಲ್ಲ. ಅವರಿಗೆ ಅಷ್ಟು ಸುಲಭವಾಗಿರಲಿಲ್ಲ ಎಂದು ನನಗೆ ಗೊತ್ತು. ನಲವತ್ತು ವರ್ಷ ನಡೆಸಿಕೊಂಡು ಬಂದದ್ದನ್ನು ನಾನಾಡಿದ ಒಂದು ಮಾತಿಗೆ ಕೈಬಿಟ್ಟರು. ಚಾಪೆ ಸುತ್ತಿಟ್ಟು ಒಲೆ ಹಚ್ಚಿದೆ.

ಮೌಖಿಕ ಪರೀಕ್ಷೆ ವಿಡಿಯೋ ಕರೆಯಲ್ಲಿ ನಡೆಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಫೋನು ನಿಲ್ಲಿಸಿಕೊಂಡು ಉತ್ತರ ಹೇಳಿದೆ. ಮಾಡೆಲಿನ ಬಗೆಯನ್ನು ಹೇಗೆ ಪರೀಕ್ಷಿಸಿದಿರಿ ಎಂದು ಕೇಳಿದರು. ಮೂರು ಹಂತ ಹೇಳಿದೆ, ತಲೆಯಾಡಿಸಿದರು. ಓದಲು ಸಮಯ ಸಿಗದೆ ಬೇರೆ ಎರಡು ಪ್ರಶ್ನೆಗೆ ತಡವರಿಸಿದೆ. ಪಾಸಾದೆ, ಎರಡನೇ ದರ್ಜೆ. ಅದನ್ನೂ ಎಣಿಸಿಕೊಂಡಿದ್ದೇನೆ.

ಆಮೇಲೂ ನನಗೆ ಓದುವ ಆಸೆಯಿತ್ತು. ಮೇಡಂ ಒಂದು ಪುಸ್ತಕ ಕಳಿಸಿದ್ದರು, ಈಗಲೂ ನಲವತ್ತನೆಯ ಪುಟದಲ್ಲೇ ಇದೆ. ಕೋಣೆಯಲ್ಲಿ ಬೂಸಾ ಮೂಟೆ ಜೋಡಿಸಿದ್ದಾರೆ. ತಿಂಗಳ ಮೂವತ್ತು ದಿನವೂ ಒಳಗೇ ಇದ್ದೇನೆ, ಮೂವತ್ತು ದಿನವೂ ಯಾರಾದರೂ ಕರೆಯುತ್ತಾರೆ.

ಮೊನ್ನೆ ಎದುರು ಮನೆ ಅಕ್ಕ ಬಾಗಿಲಲ್ಲಿ ನಿಂತು, "ನಿಮ್ಮತ್ತೆ ಏನು ಬದಲಾಗ್ಬಿಟ್ರಪ್ಪ! ಹೊರಗೆ ಕೂರ್ಸೋದೇ ಬಿಟ್ಟವ್ರಂತೆ. ನನ್ನ ಸೊಸೆ ಹೊಟ್ಟೆ ಉರ್ಕೋತಾಳೆ. ಪುಣ್ಯ ಮಾಡಿದ್ದೆ ಕಣೇ ನೀನು" ಎಂದರು.

ಹೌದಕ್ಕ ಎಂದೆ. ಒಲೆಯ ಮೇಲೆ ಹಾಲಿಟ್ಟಿದ್ದೆ. ಉಕ್ಕುವ ಹೊತ್ತಾಗಿತ್ತು, ಒಳಗೆ ಹೋದೆ.